ಭೀಮಾತೀರದ ಕೈಯರಿವೆಯೂ ಅದರ ಹಾದಿಯೂ

ಒಂದು ನಾಡಿನ ಇತಿಹಾಸವನ್ನು ಬರೆಯಹೊರಟವರು ಅರಸರ ಶಾಸನಗಳನ್ನೂ ಕೋಟೆಕೊತ್ತಲಗಳನ್ನೂ ಹುಡುಕುವದು ವಾಡಿಕೆ. ಆ ನಾಡಿನ ಜನರು ಏನನ್ನುಟ್ಟರು, ಅದನ್ನು ಯಾರು ನೇಯ್ದರು, ಯಾರು ಹೊಲಿದರು, ಹೊಲಿದ ಅರಿವೆಯು ಯಾವ ಹಾದಿಯಿಂದ ಕೊಳ್ಳುವವರ ಮನೆಯನ್ನು ಮುಟ್ಟಿತು, ಅವರು ಕೊಟ್ಟ ಹಣದೊಳಗೆ ಎಷ್ಟು ಪಾಲು ಮರಳಿ ಹೊಲಿದವಳ ಉಡಿಗೆ ಬಂದಿತು ಎಂದು ಕೇಳುವವರು ವಿರಳ. ಆದರೆ ನಮ್ಮ ಕಲಬುರಗಿ ಜಿಲ್ಲೆಯಲ್ಲಿಯೇ ಈ ಪ್ರಶ್ನೆಗಳನ್ನು ಕೇಳಬೇಕಾದ ಕಾಲವು ಈಗ ಬಂದಿರುವದು. ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಯಾವ ಊರಿನಲ್ಲಾದರೂ ಸೂಜಿ ಹಿಡಿಯಬಲ್ಲ ಗೃಹಿಣಿಯೊಬ್ಬಳು ತಾನು ಹೊಲಿದ ಕೌದಿಯ, ಕುಪ್ಪಸದ ಅಥವಾ ಕೂಸಿನ ಕುಲಾಯಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು, ಅಂತರ್ಜಾಲದಲ್ಲಿ ತೋರಿಸಿ, ತಾನೆಂದೂ ಕಾಣದ ಗಿರಾಕಿಗೆ ಮಾರುವದು ಇಂದು ಸಾಧ್ಯವಾಗಿದೆ. ಅಂಗಡಿಯ ಬಾಡಿಗೆ ಬೇಕಿಲ್ಲ. ಸಂತೆಗೆ ಹೊರೆ ಹೊರಬೇಕಾದದ್ದಿಲ್ಲ. ಬಂಡವಾಳವೆಂದರೆ ಅರಿವೆ, ದಾರ, ಒಂದು ಮೊಬೈಲು ಇಷ್ಟೇ.

ಇದನ್ನು ಕೆಲವರು ಹಿಂದೆಂದೂ ಕಾಣದ ಅದ್ಭುತವೆಂದು ಹೊಗಳುವರು. ಕೆಲವರು ಎಳೆಯರ ಹುಡುಗಾಟವೆಂದು ತೆಗೆದುಹಾಕುವರು. ಎರಡೂ ಮಾತುಗಳು ಹಿಂದಿನದನ್ನು ನೋಡದೆ ಆಡಿದವು. ಹಿಂದಿನದನ್ನು ನೋಡಿದರೆ ತಿಳಿಯುವ ಸಂಗತಿ ಇಷ್ಟು: ಈ ಸೀಮೆಯಲ್ಲಿ ಕೈಯ ಕಸಬಿಗೆ ಎಂದೂ ಕೊರತೆಯಿರಲಿಲ್ಲ; ಕೈಯಿಂದ ಗಿರಾಕಿಯವರೆಗಿನ ಹಾದಿ ಮಾತ್ರ ಮಾಡಿದವರ ವಶದಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. ಆ ಹಾದಿಯ ಕಥೆಯನ್ನು ಸಂಕ್ಷೇಪವಾಗಿ ಹೇಳಿ, ಈಗ ತೆರೆದಿರುವ ಹೊಸ ಹಾದಿಯಲ್ಲಿ ನಾವು ಯಾವದನ್ನು ಕಾಯ್ದುಕೊಳ್ಳಬೇಕು ಎಂಬದನ್ನು ವಿಚಾರಿಸುವದೇ ಈ ಲೇಖದ ಉದ್ದೇಶವು.

ನಾಡು ಮತ್ತು ನೆಯ್ಗೆ

ಭೀಮಾನದಿಯು ಅಫಜಲಪುರ, ಜೇವರ್ಗಿ ತಾಲೂಕುಗಳ ನೆಲವನ್ನು ತೋಯಿಸಿ ಹರಿಯುತ್ತದೆ. ಆಳಂದದ ಕಡೆಯಿಂದ ಬರುವ ಅಮರ್ಜಾ ನದಿಯು ಗಾಣಗಾಪುರದ ಬಳಿಯಲ್ಲಿ ಅದನ್ನು ಕೂಡಿಕೊಳ್ಳುತ್ತದೆ. ಎರಡು ನದಿಗಳ ನಡುವೆಯೂ ಆಚೆಗೂ ಹಬ್ಬಿರುವದು ಎರೆಯ ಭೂಮಿ. ಜೋಳ, ತೊಗರಿಗಳೊಡನೆ ಹತ್ತಿಯನ್ನೂ ಬೆಳೆಯುವ ಈ ನೆಲದಲ್ಲಿ ನೂಲುವದು, ನೇಯುವದು ಹೊರಗಿನಿಂದ ಬಂದ ವಿದ್ಯೆಗಳಲ್ಲ. ಆಳಂದದ ಲಾಡ್ಲೆ ಮಶಾಯಕರ ಉರುಸು, ಗಾಣಗಾಪುರದ ದತ್ತ ಜಯಂತಿ, ಕಲಬುರಗಿಯ ಶರಣಬಸವೇಶ್ವರರ ಜಾತ್ರೆ ಇವು ದೈವದ ಕೂಟಗಳಾಗಿರುವಂತೆಯೇ ಅರಿವೆಯ ವ್ಯಾಪಾರದ ಕೂಟಗಳೂ ಆಗಿದ್ದುವು.

ನೇಯುವವನನ್ನು ಈ ಸೀಮೆಯು ಕೀಳಾಗಿ ಕಾಣಲಿಲ್ಲ. ವಚನಕಾರರಲ್ಲಿ ಮೊದಲಿಗರಾದ ದಾಸಿಮಯ್ಯನವರ ಊರು ಮುದನೂರು. ಅದು ಇಂದಿನ ಯಾದಗಿರಿ ಜಿಲ್ಲೆಯಲ್ಲಿದ್ದು ಜೇವರ್ಗಿಯ ಸೀಮೆಗೆ ದೂರವಾದದ್ದಲ್ಲ. ಮಗ್ಗದ ಕಾಯಕದಿಂದಲೇ ಅವರು ಜೇಡರ ದಾಸಿಮಯ್ಯನೆನಿಸಿಕೊಂಡರು. ಅವರು ನೇಯ್ದ ವಸ್ತ್ರವನ್ನು ಶಿವನು ಜಂಗಮನ ವೇಷದಲ್ಲಿ ಬಂದು ಬೇಡಿ ಹರಿದುಹಾಕಿದನೆಂದೂ, ದಾಸಿಮಯ್ಯನವರು ಬೇಸರಿಸದಿರಲು ಮೆಚ್ಚಿ ತವನಿಧಿಯನ್ನು ಕೊಟ್ಟನೆಂದೂ ಪುರಾಣದ ಕಥೆಯಿದೆ. ಭಕ್ತಿಯ ದೃಷ್ಟಿಯಿಂದ ಈ ಕಥೆಗೆ ಬೇರೆ ಅರ್ಥವಿರುವದು. ಇತಿಹಾಸದ ದೃಷ್ಟಿಯಿಂದ ನೋಡಿದರೆ ಒಂದು ಸಂಗತಿ ಕಣ್ಣಿಗೆ ಬೀಳುವದು: ಇಲ್ಲಿ ನೇಯ್ದವನೂ ಅದರ ಒಡೆಯನೂ ಒಬ್ಬನೇ, ಯಾರಿಗೆ ಕೊಡಬೇಕು, ಏನು ಬೆಲೆಗೆ ಕೊಡಬೇಕು ಎಂಬದು ಅವನ ಇಚ್ಛೆ. ನಡುವೆ ದಲಾಲನಿಲ್ಲ. ಈ ಸ್ವಾತಂತ್ರ್ಯವು ಮುಂದಿನ ಶತಮಾನಗಳಲ್ಲಿ ಹೇಗೆ ಸವೆಯಿತೆಂಬದೇ ನಮ್ಮ ಕಥೆ.

ಎತ್ತಿನ ಹೇರು ನಿಂತುಹೋದುದು

ಹಾದಿಯ ಮಾತು ಬಂದಾಗ ಮೊದಲು ನೆನೆಯಬೇಕಾದವರು ಲಂಬಾಣಿಗರು. ರಸ್ತೆಗಳಿಲ್ಲದ ಕಾಲದಲ್ಲಿ ಸಾವಿರಾರು ಎತ್ತುಗಳ ಮೇಲೆ ಉಪ್ಪು, ದವಸಗಳನ್ನು ಹೇರಿಕೊಂಡು ದಖ್ಖನವನ್ನೆಲ್ಲ ಸುತ್ತುತ್ತಿದ್ದವರು ಇವರೇ. ಹದಿನೇಳನೆಯ ಶತಮಾನದಲ್ಲಿ ಮೊಗಲರ ದಂಡುಗಳಿಗೂ, ಹದಿನೆಂಟನೆಯ ಶತಮಾನದ ಕೊನೆಗೆ ಮೈಸೂರಿನ ಮೇಲೆ ನಡೆದ ಕಾರ್ನ್‌ವಾಲಿಸನ ದಂಡಿಗೂ ಧಾನ್ಯವನ್ನು ಒದಗಿಸಿದವರು ಇವರೇ. ಒಂದು ಊರಿನ ಪದಾರ್ಥವನ್ನು ಇನ್ನೊಂದು ಊರಿನ ಗಿರಾಕಿಗೆ ಮುಟ್ಟಿಸುವದರಲ್ಲಿ ಇವರನ್ನು ಮೀರಿಸಿದವರು ಆಗ ಇರಲಿಲ್ಲ.

ಹೇರು ಸಾಗುವಾಗಲೂ ಬೀಡುಬಿಟ್ಟಾಗಲೂ ಇವರ ಹೆಂಗಳೆಯರ ಕೈ ಸುಮ್ಮನಿರಲಿಲ್ಲ. ಫೇಟಿಯಾ ಎಂಬ ಲಂಗ, ಕಾಂಚಳಿ ಎಂಬ ಕುಪ್ಪಸ, ತಲೆಯ ಮೇಲಿನ ಮುಸುಕು ಇವುಗಳ ಮೇಲೆ ಕನ್ನಡಿಯ ಚೂರು, ಕವಡೆ, ನಾಣ್ಯ, ಬಣ್ಣದ ದಾರಗಳನ್ನು ಕೂಡಿಸಿ ಅವರು ಮಾಡುವ ಕಸೂತಿಯು ನೋಡಿದವರ ಕಣ್ಣನ್ನು ಸೆಳೆಯುವಂಥದು. ಆದರೆ ಅದು ಮಾರಾಟದ ವಸ್ತುವಾಗಿರಲಿಲ್ಲ. ಮಗಳ ಮದುವೆಗೆಂದು ತಾಯಿ ವರ್ಷಗಟ್ಟಲೆ ಹೊಲಿಯುತ್ತಿದ್ದಳು. ಅದು ಮಗಳೊಡನೆ ಹೋಗುತ್ತಿತ್ತು.

1860ರಲ್ಲಿ ಮುಂಬಯಿಯ ಕಡೆಯಿಂದ ಸೊಲ್ಲಾಪುರದವರೆಗೆ ಬಂದಿದ್ದ ರೈಲು ದಾರಿಯು 1871ರಲ್ಲಿ ಕಲಬುರಗಿಯನ್ನು ಹಾಯ್ದು ರಾಯಚೂರನ್ನು ಮುಟ್ಟಿ, ಮದರಾಸಿನ ಕಡೆಯ ದಾರಿಯನ್ನು ಕೂಡಿಕೊಂಡಿತು. ಎತ್ತಿನ ಹೇರು ತಿಂಗಳುಗಟ್ಟಲೆ ಸಾಗಿಸುತ್ತಿದ್ದ ಸರಕನ್ನು ಉಗಿಬಂಡಿಯು ದಿನಗಳಲ್ಲಿ ಸಾಗಿಸತೊಡಗಿತು. ಲಂಬಾಣಿಗರ ಕುಲಕಸಬು ಮುರಿಯಿತು. ಅದೇ 1871ರಲ್ಲಿ ಬ್ರಿಟಿಷ್ ಸರಕಾರವು ‘ಅಪರಾಧಿ ಬುಡಕಟ್ಟು’ಗಳೆಂಬ ಹೆಸರಿನ ಕಾಯಿದೆಯನ್ನು ಉತ್ತರದಲ್ಲಿ ತಂದಿತು. ಅದು ಮುಂದೆ ಇತರ ಪ್ರಾಂತಗಳಿಗೂ ಹಬ್ಬಿ, ಕೆಲವೆಡೆ ಲಂಬಾಣಿಗರನ್ನೂ ಒಳಗೊಂಡು, ಅಲೆದು ವ್ಯಾಪಾರ ಮಾಡುವವರನ್ನೆಲ್ಲ ಸಂಶಯಕ್ಕೆ ಗುರಿಮಾಡಿತು, 1952ರಲ್ಲಿ ರದ್ದಾಯಿತು. ಹೀಗೆ ಊರೂರಿನ ಸರಕಿಗೆ ಹಾದಿಯಾಗಿದ್ದ ಜನರು ಗುಡ್ಡದ ಬದಿಯ ತಾಂಡಾಗಳಲ್ಲಿ ನೆಲೆನಿಂತು ಕೂಲಿಕಾರರಾದರು. ಆಳಂದದಿಂದ ಜೇವರ್ಗಿಯವರೆಗೆ ಇಂದು ಕಾಣುವ ತಾಂಡಾಗಳ ಹಿಂದೆ ಈ ಇತಿಹಾಸವಿರುವದು. ಇತರರ ಸರಕನ್ನು ದೇಶವೆಲ್ಲ ಹೊತ್ತವರಿಗೆ ತಮ್ಮ ಹೆಂಗಳೆಯರ ಕೈಗೆಲಸವನ್ನು ಹತ್ತಿರದ ಪೇಟೆಗೂ ಒಯ್ಯುವ ಉಪಾಯ ಉಳಿಯಲಿಲ್ಲವೆಂಬದು ವಿಧಿಯ ವಿಪರ್ಯಾಸವಲ್ಲದೆ ಮತ್ತೇನು?

ಗಿರಣಿಯೂ ಗಡಿಯೂ

ರೈಲಿನ ಬೆನ್ನಿಗೆ ಗಿರಣಿ ಬಂದಿತು. ಸೊಲ್ಲಾಪುರದಲ್ಲಿ ದೊಡ್ಡ ಗಿರಣಿಗಳು ಎದ್ದುವು. ಕಲಬುರಗಿಯಲ್ಲಿಯೂ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ನಿಜಾಮ ಮಹಬೂಬ ಅಲಿ ಖಾನರ ಹೆಸರಿನ ಬಟ್ಟೆಯ ಗಿರಣಿಯೊಂದು ಹುಟ್ಟಿತು. ಎಂ.ಎಸ್.ಕೆ. ಮಿಲ್ಲೆಂದು ಜನರು ಕರೆದ ಆ ಗಿರಣಿಯು ಈಗ ನಡೆಯುತ್ತಿಲ್ಲ. ಊರಿನ ಒಂದು ಭಾಗಕ್ಕೆ ಅದರ ಹೆಸರು ಮಾತ್ರ ಉಳಿದಿದೆ. ಗಿರಣಿಯ ಅಗ್ಗದ ಬಟ್ಟೆಯ ಮುಂದೆ ಹಳ್ಳಿಯ ಮಗ್ಗವು ಸೋತುದು ಭಾರತದ ಎಲ್ಲೆಡೆಯ ಕಥೆಯೇ ಆದುದರಿಂದ ಅದನ್ನು ಬೆಳೆಸಬೇಕಾದದ್ದಿಲ್ಲ. ನಮ್ಮ ಸೀಮೆಗೆ ವಿಶೇಷವಾದ ಇನ್ನೊಂದು ತೊಡಕಿನ ಕಡೆಗೆ ವಾಚಕರ ಲಕ್ಷ್ಯವನ್ನು ಸೆಳೆಯುವೆನು.

ಅದು ಗಡಿಯ ತೊಡಕು. ಈ ಮೂರು ತಾಲೂಕುಗಳು ಹೈದರಾಬಾದ ಸಂಸ್ಥಾನದ ಪಶ್ಚಿಮದ ಅಂಚು. ಆಳಂದದವರಿಗೆ ಸಹಜವಾದ ಪೇಟೆಯೆಂದರೆ ಸೊಲ್ಲಾಪುರ. ಅದು ಬ್ರಿಟಿಷರ ಮುಂಬಯಿ ಇಲಾಖೆಗೆ ಸೇರಿದ್ದು. ನಡುವಿನ ಅಕ್ಕಲಕೋಟೆ ಇನ್ನೊಂದು ಸಂಸ್ಥಾನ. ನಿಜಾಮ ಸರಕಾರದ ಕರೋಡಗಿರಿ ಎಂಬ ಸುಂಕದ ಇಲಾಖೆಯು ಗಡಿಯ ಚೌಕಿಗಳಲ್ಲಿ ಸರಕನ್ನು ತಡೆದು ಸುಂಕವೆತ್ತುತ್ತಿತ್ತು. ನಾಣ್ಯವೂ ಬೇರೆ: ಇತ್ತ ಹಾಲಿ ಸಿಕ್ಕಾ, ಅತ್ತ ಕಲ್ದಾರು. ಏಳು ಹಾಲಿ ರೂಪಾಯಿಗೆ ಆರು ಕಲ್ದಾರು ರೂಪಾಯಿ ಎಂಬದು ಸುಮಾರಾದ ಲೆಕ್ಕ. ಒಂದು ಹೊರೆ ಅರಿವೆಯನ್ನು ಗಡಿ ದಾಟಿಸಿ ಮಾರಿಬರುವ ಬಡ ನೇಕಾರನಿಗೆ ಸುಂಕ, ವಟಾವು, ಇವೆರಡನ್ನೂ ಬಲ್ಲ ದಲಾಲನ ಪಾಲು ಇವನ್ನೆಲ್ಲ ಕಳೆದು ಉಳಿಯುವದೇನು? ದಲಾಲನು ದುಷ್ಟನಾಗಿಯೇ ಇರಬೇಕೆಂದಿಲ್ಲ. ಹಾದಿಯು ಇಷ್ಟು ಸಿಕ್ಕಾಗಿರುವಾಗ ಸಿಕ್ಕು ಬಿಡಿಸಬಲ್ಲವನೇ ಒಡೆಯನಾಗುವನು.

1948ರ ಸಪ್ಟಂಬರ 17ರಂದು ಹೈದರಾಬಾದ ಸಂಸ್ಥಾನದ ಸ್ವತಂತ್ರಾಡಳಿತವು ಮುಗಿದು ಅದು ಭಾರತದಲ್ಲಿ ಸೇರಿತು. ಕರೋಡಗಿರಿಯೂ ಹಾಲಿ ಸಿಕ್ಕಾವೂ ಕ್ರಮವಾಗಿ ಇಲ್ಲದಾದುವು. 1956ರ ನವೆಂಬರ 1ರಂದು ಕಲಬುರಗಿ ಜಿಲ್ಲೆಯು ವಿಶಾಲ ಮೈಸೂರಿನಲ್ಲಿ ಕೂಡಿತು. ಅಕ್ಕಲಕೋಟೆ, ಸೊಲ್ಲಾಪುರಗಳು ಮುಂಬಯಿ ರಾಜ್ಯದಲ್ಲಿ ಉಳಿದು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿದುವು. ಸಂಸ್ಥಾನದ ಗಡಿ ಹೋಗಿ ರಾಜ್ಯದ ಗಡಿ ಬಂದಿತು. ಆ ಗಡಿಯು ಇಂದಿನ ಜಾಲದ ವ್ಯಾಪಾರದಲ್ಲಿಯೂ ಹೇಗೆ ಎದುರಾಗುವದೆಂಬದನ್ನು ಮುಂದೆ ಕಾಣುವೆವು.

ಬೆಲೆಯಿಲ್ಲದ ಕೆಲಸ

ಮಗ್ಗದ ನೆಯ್ಗೆಗೆ ಕಡಿಮೆಯಾದರೂ ಒಂದು ಬೆಲೆಯಿತ್ತು. ಸೂಜಿಯ ಕೆಲಸಕ್ಕೆ ಅದೂ ಇರಲಿಲ್ಲ. ನಮ್ಮ ಮನೆಗಳಲ್ಲಿ ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರು ಪದರಾಗಿ ಹಾಸಿ, ಸಾಲುಸಾಲಾಗಿ ಟಾಕುಹಾಕಿ ಮಾಡುವ ಕೌದಿಯನ್ನು ನೋಡದವರಾರು? ಬಡವರಿಗೆ ಅದೇ ಹಾಸಿಗೆ, ಅದೇ ಹೊದಿಕೆ. ಉಳ್ಳವರ ಮನೆಯಲ್ಲಿ ಬಾಣಂತಿಗೂ ಕೂಸಿಗೂ ಅದೇ ಮೆತ್ತೆ. ಅಜ್ಜಿಯ ಸೀರೆ, ಅಪ್ಪನ ಅಂಗಿ, ಮಗುವಿನ ಲಂಗ ಒಂದೇ ಕೌದಿಯಲ್ಲಿ ಕೂಡಿಕೊಂಡಿರುವದರಿಂದ ಅದನ್ನು ಒಂದು ಮನೆತನದ ಬಖೈರು ಎಂದರೂ ಸಲ್ಲುವದು. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತಿ ಎಂದು ಟಾಕಿನ ಬಗೆಗಳು ನಾಲ್ಕು. ಇಳಕಲ್ಲಿನ ಸೀರೆಯ ಮೇಲೂ ಗುಳೇದಗುಡ್ಡದ ಖಣದ ಕುಪ್ಪಸದ ಮೇಲೂ ತೇರು, ಗೋಪುರ, ಆನೆ, ನವಿಲುಗಳನ್ನು ಎಳೆಯ ಲೆಕ್ಕ ತಪ್ಪದಂತೆ ಮೂಡಿಸುವ ಹೆಂಗಳೆಯರು ಉತ್ತರ ಕರ್ನಾಟಕದ ಊರೂರಲ್ಲಿದ್ದರು.

ಇದು ಮನೆಯ ಕೆಲಸವೆಂದು ಎಣಿಕೆಯಾದುದರಿಂದ ಇದಕ್ಕೆ ತಗಲುವ ಹೊತ್ತನ್ನು ಯಾರೂ ಎಣಿಸಲಿಲ್ಲ. ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಒಂದು ಕೌದಿಗೆ ದಿನಕ್ಕೆ ನಾಲ್ಕು ತಾಸಿನಂತೆ ಇಪ್ಪತ್ತು ದಿನ ಹಿಡಿಯಿತೆಂದು ಇಟ್ಟುಕೊಂಡರೆ ಎಂಬತ್ತು ತಾಸಿನ ಕೆಲಸ, ಅಂದರೆ ಎಂಟು ತಾಸಿನ ಹತ್ತು ದಿನಗಳಾದುವು. 2024-25ನೆಯ ಸಾಲಿನಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 349 ರೂಪಾಯಿ ಇದ್ದಿತು. ಆ ಲೆಕ್ಕದಿಂದ ಮಣ್ಣು ಹೊರುವ ಕೆಲಸಕ್ಕೆ ಸಮನಾದ ಕೂಲಿಯೇ 3490 ರೂಪಾಯಿ. ಅಂಥ ಕೌದಿಯನ್ನು ಸಾವಿರ ರೂಪಾಯಿಗೆ ಕೇಳುವ ಗಿರಾಕಿಯು ತಾನು ಹೆಚ್ಚೇ ಕೊಟ್ಟೆನೆಂದು ತಿಳಿಯುವನು. ಮಾರಿದವಳೂ ಹಳೆಯ ಅರಿವೆಗೆ ಸಾವಿರ ಬಂದಿತೆಂದು ಸಂತೋಷಪಡುವಳು. ಇಬ್ಬರ ಮನಸ್ಸಿನಲ್ಲಿಯೂ ಹೊತ್ತಿಗೆ ಬೆಲೆಯಿಲ್ಲ. ಜಾಲದಲ್ಲಿ ಅಂಗಡಿ ತೆರೆಯುವವಳು ಕಲಿಯಬೇಕಾದ ಮೊದಲನೆಯ ಪಾಠವು ಚಿತ್ರ ತೆಗೆಯುವದಲ್ಲ, ತಾಸಿನ ಲೆಕ್ಕವಿಡುವದು.

ಸರಕಾರ, ಸಂಘ, ಹೆಸರು

ಸ್ವಾತಂತ್ರ್ಯದ ಬಳಿಕ ಹಾದಿಯನ್ನು ಸರಿಪಡಿಸುವ ಯತ್ನಗಳು ನಡೆಯದೆ ಇರಲಿಲ್ಲ. 1952ರಲ್ಲಿ ಅಖಿಲ ಭಾರತ ಕೈಮಗ್ಗ ಮಂಡಲಿಯು ಏರ್ಪಟ್ಟಿತು. ರಾಜ್ಯದಲ್ಲಿ 1964ರಲ್ಲಿ ಕರಕುಶಲ ನಿಗಮವೂ, 1975ರಲ್ಲಿ ಕೈಮಗ್ಗ ನಿಗಮವೂ ಹುಟ್ಟಿದುವು. ಕಾವೇರಿ, ಪ್ರಿಯದರ್ಶಿನಿ ಎಂಬ ಹೆಸರಿನ ಅವುಗಳ ಮಳಿಗೆಗಳು ಪಟ್ಟಣದ ಗಿರಾಕಿಯನ್ನು ಹಳ್ಳಿಯ ಕೈಗೆಲಸದ ಹತ್ತಿರಕ್ಕೆ ತಂದುವು. 2000ದಿಂದ ಸ್ತ್ರೀಶಕ್ತಿ ಸಂಘಗಳು ಹಳ್ಳಿಹಳ್ಳಿಗೂ ಬಂದು, ಸ್ವಂತ ಉಳಿತಾಯವೂ ಸಣ್ಣ ಸಾಲವೂ ಹೆಂಗಸರ ಕೈಗೆ ಎಟಕುವಂತಾಯಿತು.

ಇವುಗಳಿಗಿಂತ ಭಿನ್ನವಾದ ಎರಡು ಪ್ರಯೋಗಗಳನ್ನು ಇಲ್ಲಿ ಹೆಸರಿಸಬೇಕು. ಸಾಗರ ತಾಲೂಕಿನ ಹೆಗ್ಗೋಡಿನ ಬಳಿಯ ಚರಕ ಸಂಘದಲ್ಲಿ ಹಳ್ಳಿಯ ಹೆಂಗಸರೇ ನೇಯ್ದು, ಬಣ್ಣ ಹಾಕಿ, ಉಡುಪು ಹೊಲಿದು ‘ದೇಸಿ’ ಎಂಬ ಅಂಗಡಿಗಳ ಮೂಲಕ ಮಾರುವ ಏರ್ಪಾಡಾಯಿತು. ಅದರ ಪ್ರವರ್ತಕರಾದ ರಂಗಕರ್ಮಿ ಪ್ರಸನ್ನರು 2017ರಲ್ಲಿ ಕೈಯುತ್ಪನ್ನಗಳಿಗೆ ಹೊಸ ತೆರಿಗೆಯು ತಗಲಬಾರದೆಂದು ಸತ್ಯಾಗ್ರಹ ಮಾಡಿದರು. ಬಳ್ಳಾರಿ ಸೀಮೆಯ ಸಂಡೂರಿನ ಕುಶಲ ಕಲಾ ಕೇಂದ್ರವು ಲಂಬಾಣಿ ಹೆಂಗಳೆಯರ ಕಸೂತಿಯನ್ನು ಮದುವೆಯ ಪೆಟ್ಟಿಗೆಯಿಂದ ಪೇಟೆಗೆ ತಂದಿತು; 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಭೆ ನಡೆದಾಗ 450ಕ್ಕೂ ಮಿಕ್ಕ ಲಂಬಾಣಿ ಹೆಂಗಳೆಯರು ಮಾಡಿದ 1755 ಕಸೂತಿಯ ತುಂಡುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು.

ಇದೆಲ್ಲ ಹೆಮ್ಮೆಯ ಸಂಗತಿ. ಆದರೂ ನಮ್ಮ ಮೂರು ತಾಲೂಕುಗಳ ದೃಷ್ಟಿಯಿಂದ ಒಂದು ಮಾತು ಹೇಳಬೇಕಾಗಿದೆ. ಭೌಗೋಳಿಕ ಗುರುತು ಒಂದು ಸ್ಥಳದ ಹೆಸರನ್ನು ಆ ಸ್ಥಳದವರಿಗೆ ಕಾಯ್ದಿಡುವದು, ಅದು ನ್ಯಾಯವೇ. ಆದರೆ ಅದೇ ಟಾಕನ್ನು, ಅದೇ ಕನ್ನಡಿ ಕೆಲಸವನ್ನು ತಾಯಿಯಿಂದ ಕಲಿತ ಆಳಂದದ ಅಥವಾ ಜೇವರ್ಗಿಯ ತಾಂಡಾದವಳು ತನ್ನ ಕೆಲಸವನ್ನು ಸಂಡೂರಿನ ಹೆಸರಿನಿಂದ ಮಾರಲಾರಳು. ಅವಳಿಗೆ ಸಂಘದ ಹೆಸರಿಲ್ಲ, ಊರಿನ ಹೆಸರಿಲ್ಲ. ಉಳಿದಿರುವದು ಅವಳ ಸ್ವಂತ ಹೆಸರೊಂದೇ. ಅವಳ ಸ್ವಂತ ಹೆಸರಿನಿಂದ ಸರಕು ಮಾರಲು ನಮ್ಮ ಇತಿಹಾಸದಲ್ಲಿ ಹಾದಿಯಿತ್ತೇ?

ಅಂಚೆಯೂ ವಿಳಾಸವೂ

ಇತ್ತು, ಅದರ ಮೊದಲ ಮೆಟ್ಟಲು ಅಂಚೆಯದು. ಕಾಣದ ಗಿರಾಕಿಗೆ ಸರಕು ಕಳಿಸಿ ಹಣ ಪಡೆಯುವ ವಿದ್ಯೆಯು ಅಂತರ್ಜಾಲದೊಡನೆ ಹುಟ್ಟಿದುದಲ್ಲ. ಭಾರತದ ಅಂಚೆಯು 1877ರಲ್ಲಿಯೇ ವಿ.ಪಿ. ಪದ್ಧತಿಯನ್ನು ಆರಂಭಿಸಿತು: ಪೊಟ್ಟಣವನ್ನು ಮುಟ್ಟಿಸುವ ಅಂಚೆಯವನೇ ಬೆಲೆಯನ್ನು ವಸೂಲು ಮಾಡಿ ಕಳಿಸಿದವನಿಗೆ ತಲುಪಿಸುವದು. 1880ರಲ್ಲಿ ಮನಿಆರ್ಡರು ಬಂದಿತು. ಪುಸ್ತಕ, ಔಷಧ, ಗಡಿಯಾರಗಳ ವ್ಯಾಪಾರಿಗಳು ಇದರಿಂದ ದೇಶವ್ಯಾಪಿಯಾದ ಅಂಗಡಿಗಳನ್ನು ನಡೆಸಿದರು. ನಮ್ಮ ಹಿರಿಯರ ಮನೆಯ ಎಷ್ಟೋ ಗ್ರಂಥಗಳು ವಿ.ಪಿ.ಯಿಂದಲೇ ಬಂದವುಗಳು. ಆದರೆ ಆ ಹಾದಿಯಲ್ಲಿ ನಡೆಯಲು ಅಕ್ಷರ ಬೇಕು, ಜಾಹೀರಾತಿನ ಹಣ ಬೇಕು, ಎಲ್ಲಕ್ಕೂ ಮೊದಲು ಒಂದು ವಿಳಾಸ ಬೇಕು. 1972ರ ಅಗಸ್ಟ 15ರಂದು ಆರಂಭವಾದ ಪಿನ್‌ಕೋಡು ಪ್ರತಿಯೊಂದು ಅಂಚೆಯ ಪ್ರದೇಶಕ್ಕೂ ಆರಂಕಿಯ ಗುರುತನ್ನು ಕೊಟ್ಟಿತು. ಆದರೂ ಕಂದಾಯದ ದಾಖಲೆಯಲ್ಲಿ ಹೆಸರೇ ಇಲ್ಲದ ತಾಂಡಾದಲ್ಲಿ ವಾಸಿಸುವವಳಿಗೆ ಅದರಿಂದ ಪ್ರಯೋಜನವೇನು?

ಈ ಕೊರತೆಯು ಎಷ್ಟು ಕಾಲ ಉಳಿದಿತ್ತೆಂಬದಕ್ಕೆ ಒಂದು ತಾರೀಖು ಸಾಕು. 2023ರ ಜನವರಿ 19ರಂದು ಮಳಖೇಡದಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು, ಬೀದರ, ವಿಜಯಪುರ ಈ ಐದು ಜಿಲ್ಲೆಗಳ ದಾಖಲೆಯಿಲ್ಲದ ವಸತಿಗಳ 50,000ಕ್ಕೂ ಹೆಚ್ಚು ಫಲಾನುಭವಿಗಳಿಗೆ ಹಕ್ಕುಪತ್ರಗಳನ್ನು ಹಂಚಲಾಯಿತು. ಇಂಥ ಸುಮಾರು 1475 ವಸತಿಗಳು ಕಂದಾಯ ಗ್ರಾಮಗಳೆಂದು ಘೋಷಿತವಾಗಿದ್ದುವು. ಅವುಗಳಲ್ಲಿ ಬಹುಭಾಗದವರು ತಾಂಡಾದವರು. ವಿ.ಪಿ. ಪದ್ಧತಿ ಬಂದು ಒಂದೂವರೆ ಶತಮಾನವಾಗುತ್ತ ಬಂದಾಗ ಅವರಿಗೆ ಸರಕಾರಿ ಕಾಗದದಲ್ಲಿ ಊರು ಎಂಬದು ಬಂದಿತು! ಮನೆಯ ಹಕ್ಕಿಗೆ ಈ ಕಾಗದದಿಂದ ಎಷ್ಟು ಬಲವೋ, ಬ್ಯಾಂಕಿನ ಖಾತೆ, ಸಾಲ, ವ್ಯಾಪಾರದ ನೋಂದಣಿ ಇವುಗಳಿಗೂ ಅಷ್ಟೇ ಬಲವು.

ಹೊಸ ಸಂತೆಯ ಕಟ್ಟಳೆಗಳು

2016ರಲ್ಲಿ ಯುಪಿಐ ಬಂದ ಬಳಿಕ ಹಣವು ಮೊಬೈಲಿನಿಂದ ಮೊಬೈಲಿಗೆ ಕ್ಷಣದಲ್ಲಿ ಸಾಗತೊಡಗಿತು. ಅಂತರ್ಜಾಲವೂ ಅಗ್ಗವಾಯಿತು. ಈಗ ನಮ್ಮ ಗೃಹಿಣಿಯ ಮುಂದೆ ಎರಡು ದಾರಿಗಳಿವೆ. ಒಂದು, ವಾಟ್ಸಾಪ್, ಇನ್‌ಸ್ಟಾಗ್ರಾಂಗಳಂಥವುಗಳಲ್ಲಿ ತಾನೇ ಚಿತ್ರ ತೋರಿಸಿ, ತಾನೇ ಮಾತಾಡಿ, ಅಂಚೆಯಿಂದಲೋ ಕೊರಿಯರಿನಿಂದಲೋ ಕಳಿಸುವದು. ಇನ್ನೊಂದು, ದೊಡ್ಡ ಕಂಪನಿಗಳು ನಡೆಸುವ ಜಾಲದ ಸಂತೆಗಳಲ್ಲಿ ಒಂದು ಜಾಗ ಪಡೆಯುವದು. ಮೊದಲನೆಯದರಲ್ಲಿ ಗಿರಾಕಿಗಳು ಮೆಲ್ಲಗೆ ಬರುವರು, ಆದರೆ ಅವರು ಅವಳ ಗಿರಾಕಿಗಳು. ಎರಡನೆಯದರಲ್ಲಿ ಗಿರಾಕಿಗಳ ಜಾತ್ರೆಯೇ ಇರುವದು. ಆದರೆ ಅವರು ಸಂತೆಯ ಗಿರಾಕಿಗಳು. ಸಂತೆಯು ಮಾರಾಟದಲ್ಲಿ ತನ್ನ ಪಾಲು ಹಿಡಿದುಕೊಳ್ಳುವದು. ಮರಳಿ ಬಂದ ಸರಕಿನ ವೆಚ್ಚವೂ ಹಲವು ಸಲ ಮಾರಿದವರ ಮೇಲೆಯೇ ಬೀಳುವದು. ಯಂತ್ರದ ಸರಕಿನ ಪಕ್ಕದಲ್ಲಿಯೇ ಕೈಗೆಲಸವು ನಿಲ್ಲಬೇಕಾಗಿ, ಚಿತ್ರದಲ್ಲಿ ಎರಡೂ ಒಂದೇ ಆಗಿ ಕಾಣುವವು. ಖಣದ ನೆಯ್ಗೆಯನ್ನೂ ಕಸೂತಿಯನ್ನೂ ಬರಿಯ ಅಚ್ಚಿನಿಂದ ಮೂಡಿಸಿದ ಬಟ್ಟೆಗಳು ಪೇಟೆಯಲ್ಲಿ ತುಂಬಿರುವದು ವಾಚಕರಿಗೆ ಗೊತ್ತಿದ್ದ ಸಂಗತಿಯೇ.

ಇನ್ನು ಗಡಿಯ ವಿಚಾರ. ಸರಕು ಮತ್ತು ಸೇವಾ ತೆರಿಗೆಯು 2017ರ ಜುಲೈ 1ರಂದು ಜಾರಿಗೆ ಬಂದಾಗ ಜಾಲದ ಸಂತೆಯಲ್ಲಿ ಸರಕು ಮಾರುವವರು, ವ್ಯಾಪಾರವು ಎಷ್ಟೇ ಚಿಕ್ಕದಾಗಿದ್ದರೂ, ತೆರಿಗೆಯ ನೋಂದಣಿ ಮಾಡಿಸಲೇಬೇಕಾಗಿತ್ತು. 2023ರ ಅಕ್ಟೋಬರ 1ರಿಂದ ಈ ಕಟ್ಟಳೆಯು ಸಡಿಲಾಗಿ, ಮಿತಿಯೊಳಗಿನ ಸಣ್ಣ ವ್ಯಾಪಾರಿಗಳು ನೋಂದಣಿಯಿಲ್ಲದೆ, ಕೇವಲ ಒಂದು ದಾಖಲಾತಿ ಸಂಖ್ಯೆಯನ್ನು ಪಡೆದು ಅಲ್ಲಿ ಮಾರಬಹುದೆಂದಾಯಿತು. ಆದರೆ ಒಂದು ನಿಬಂಧನೆ: ತಮ್ಮ ರಾಜ್ಯದೊಳಗೆ ಮಾತ್ರ. ಇದರ ಫಲವನ್ನು ಆಳಂದದಲ್ಲಿ ಕುಳಿತು ನೋಡಬೇಕು. ಆರುನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಗಿರಾಕಿಗೆ ಅವಳು ಈ ಸಂತೆಯ ಮೂಲಕ ಕೌದಿ ಕಳಿಸಬಹುದು. ನೂರು ಕಿಲೋಮೀಟರಿನೊಳಗಿನ ಸೊಲ್ಲಾಪುರಕ್ಕೆ, ಕನ್ನಡವನ್ನೇ ಆಡುವ ಅಕ್ಕಲಕೋಟೆಯ ಬಂಧುವಿನ ಮನೆಗೆ, ಕಳಿಸಲಾರಳು. ಕರೋಡಗಿರಿಯ ಚೌಕಿ ಹೋಗಿ ಎಷ್ಟೋ ದಶಕಗಳಾದರೂ ಅದರ ನೆರಳು ಗಡಿಯ ಮೇಲೆ ಹಾಗೆಯೇ ಬಿದ್ದಿರುವದು. ಜಾಲದ ಸಂತೆಯನ್ನು ಬಿಟ್ಟು ತಾನೇ ನೇರವಾಗಿ ಮಾರುವವಳಿಗೆ, ಪಟ್ಟಿಯಲ್ಲಿ ಸೇರಿದ ಕರಕುಶಲ ಸರಕುಗಳ ಮಟ್ಟಿಗೆ, ಕೆಲವು ನಿಬಂಧನೆಗಳೊಡನೆ ಹೊರರಾಜ್ಯಕ್ಕೂ ಕಳಿಸುವ ವಿನಾಯಿತಿಯು 2017ರಿಂದ ಇರುವದು. ಗಡಿಯ ತಾಲೂಕಿನವರು ಈ ಭೇದವನ್ನು ಅರಿತಿರುವದು ಒಳ್ಳೆಯದು. ಅರಿತವರು ಅರಿಯದವರಿಗೆ ತಿಳಿಸುವದು ಇನ್ನೂ ಒಳ್ಳೆಯದು.

ಹಣವು ಯಾರದು?

ಹಾದಿಯ ಕೊನೆಯ ಗಾವುದವು ಉಳಿದಿದೆ. ಗಿರಾಕಿಯ ಹಣವು ಮನೆಯ ಬಾಗಿಲನ್ನು ಮುಟ್ಟಿತು. ಮನೆಯೊಳಗೆ ಅದು ಯಾರ ಕೈ ಸೇರಬೇಕು? ಈ ಪ್ರಶ್ನೆಯನ್ನು ನಮ್ಮ ಪ್ರಾಚೀನರು ಕೇಳದೆ ಬಿಟ್ಟಿರಲಿಲ್ಲ. ಸ್ತ್ರೀಯು ಶಿಲ್ಪದಿಂದ, ಎಂದರೆ ಕೈಗೆಲಸದಿಂದ, ಗಳಿಸಿದ ಹಣದ ಮೇಲೆ ಗಂಡನಿಗೇ ಸ್ವಾಮ್ಯವೆಂದು ಕಾತ್ಯಾಯನ ಸ್ಮೃತಿಯು ವಿಧಿಸುವದು. ಇದಕ್ಕೆ ಎದುರಾಗಿ ವಿಶಾಲವಾದ ದೃಷ್ಟಿಯನ್ನು ತೋರಿದವರು ವಿಜ್ಞಾನೇಶ್ವರರು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಕಾಲದವರಾದ ಇವರ ನೆಲೆಯು ಕಲಬುರಗಿ ಜಿಲ್ಲೆಯ ಮರತೂರೆಂದು ಪ್ರತೀತಿ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರಾ ಎಂಬ ತಮ್ಮ ವ್ಯಾಖ್ಯಾನದಲ್ಲಿ ಅವರು ಸ್ತ್ರೀಧನವೆಂಬ ಶಬ್ದವು ಶಾಸ್ತ್ರದ ಗಂಟುಕಟ್ಟಿದ ಪರಿಭಾಷೆಯಲ್ಲವೆಂದೂ, ಅದರ ಸಹಜಾರ್ಥವನ್ನೇ ಹಿಡಿಯಬೇಕೆಂದೂ ವಾದಿಸಿ, ದಾಯದಿಂದ, ಕ್ರಯದಿಂದ, ವಿಭಾಗದಿಂದ ಬಂದುದೂ ಸ್ತ್ರೀಧನವೇ ಎಂದರು. ಬ್ರಿಟಿಷರ ಕಾಲದ ನ್ಯಾಯಸ್ಥಾನಗಳು ಈ ವಿಶಾಲಾರ್ಥವನ್ನು ಪೂರ್ತಿಯಾಗಿ ಒಪ್ಪಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೆಯ ಕಲಮು ಹಿಂದೂ ಸ್ತ್ರೀಯು ತನ್ನ ಸ್ವಂತ ಕುಶಲತೆಯಿಂದ ಅಥವಾ ಶ್ರಮದಿಂದ ಗಳಿಸಿದ ಸ್ವತ್ತನ್ನೂ ಒಳಗೊಂಡು ಅವಳ ವಶದಲ್ಲಿರುವ ಸ್ವತ್ತಿಗೆ ಅವಳೇ ಪೂರ್ಣ ಒಡತಿಯೆಂದು ಸಾರಿತು. ನಮ್ಮ ಜಿಲ್ಲೆಯ ಪಂಡಿತರೊಬ್ಬರು ಒಂಬತ್ತು ಶತಮಾನಗಳ ಹಿಂದೆ ತೆರೆದ ಬಾಗಿಲು ಕಾಯಿದೆಯಲ್ಲಿ ಹೀಗೆ ಪೂರ್ತಿ ತೆರೆಯಿತು.

ಕಾಯಿದೆಯಲ್ಲಿ ತೆರೆದುದು ಮನೆಯಲ್ಲಿ ತೆರೆಯಿತೇ? ವ್ಯಾಪಾರವು ಹೆಂಡತಿಯ ಹೆಸರಿನದು, ಹಣ ಬೀಳುವ ಖಾತೆಯು ಗಂಡನದು. ಚಿತ್ರ ತೆಗೆಯುವವಳು ಮಗಳು, ಮೊಬೈಲು ಅಣ್ಣನದು ಎಂಬಂಥ ಏರ್ಪಾಡುಗಳು ನಮ್ಮ ಮನೆಗಳಲ್ಲಿ ಅಪೂರ್ವವಲ್ಲ. ಇದರಲ್ಲಿ ದುರುದ್ದೇಶವಿರುವದೆಂದು ನಾನು ಹೇಳುವದಿಲ್ಲ. ಆದರೆ ಸುಂಕದ ಚೌಕಿಯ ಎಡೆಯಲ್ಲಿ, ದಲಾಲನ ಎಡೆಯಲ್ಲಿ ಮನೆಯವರೇ ನಿಂತರೆ ಹಾದಿಯು ಮತ್ತೆ ಮಾಡಿದವಳ ಕೈಯನ್ನು ತಪ್ಪಿಸಿಕೊಂಡಿತೆಂದೇ ಅರ್ಥ.

ಉಪಸಂಹಾರ

ಇಲ್ಲಿಯವರೆಗೆ ಹೇಳಿದುದನ್ನು ಒಟ್ಟುಮಾಡಿದರೆ ತೋರುವದಿಷ್ಟು. ಎತ್ತಿನ ಹೇರು, ಜಾತ್ರೆ, ದಲಾಲ, ಸರಕಾರಿ ಮಳಿಗೆ ಎಂದು ಕೈಯರಿವೆಯು ಹಲವು ಹಾದಿಗಳನ್ನು ಕಂಡಿತು. ಪ್ರತಿಯೊಂದು ಹಾದಿಯೂ ಅಷ್ಟಿಷ್ಟು ಉಪಕಾರ ಮಾಡಿತು. ಆದರೆ ಪ್ರತಿಯೊಂದರಲ್ಲಿಯೂ ಮಾಡಿದವಳ ಹೆಸರು ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಜಾಲದ ಹಾದಿಯ ವಿಶೇಷವೆಂದರೆ ಹೆಸರನ್ನು ಕೊನೆಯವರೆಗೂ ಉಳಿಸಿಕೊಳ್ಳುವ ಅವಕಾಶವು ಇದರಲ್ಲಿ ಇರುವದು. ಅದು ಅವಕಾಶವೇ ಹೊರತು ಖಾತರಿಯಲ್ಲ. ತಾಸಿನ ಲೆಕ್ಕವನ್ನು ಬಿಟ್ಟರೆ ಬೆಲೆಯು ಗಿರಾಕಿಯ ಇಚ್ಛೆಗೆ ಬೀಳುವದು. ಹೆಸರನ್ನು ಬಿಟ್ಟರೆ ಸರಕು ಸಂತೆಯ ಸರಕಾಗುವದು. ಖಾತೆಯನ್ನು ಬಿಟ್ಟರೆ ಹಣವು ಇನ್ನೊಬ್ಬರದಾಗುವದು.

ಓದುಬರಹ ಬಲ್ಲ ಮನೆಗಳಿಗೆ ಇದರಲ್ಲಿ ಸುಲಭವಾದ ಆದರೆ ಮುಖ್ಯವಾದ ಕೆಲಸವಿದೆ. ನೆರೆಮನೆಯವಳೋ ಹತ್ತಿರದ ತಾಂಡಾದವಳೋ ತನ್ನ ಕೈಗೆಲಸವನ್ನು ಮಾರಹೊರಟರೆ ಅವಳ ಹೆಸರಿನಲ್ಲಿಯೇ ಖಾತೆ ತೆರೆಯಿಸಿಕೊಡುವದು, ತೆರಿಗೆಯ ಕಟ್ಟಳೆಯನ್ನು ಓದಿ ಹೇಳುವದು, ಚಿತ್ರದ ಕೆಳಗೆ ಅವಳ ಹೆಸರನ್ನೂ ಊರನ್ನೂ ಕನ್ನಡದಲ್ಲಿ ಸ್ಪಷ್ಟವಾಗಿ ಬರೆದುಕೊಡುವದು, ಕೊಳ್ಳುವಾಗ ಚೌಕಾಶಿಗೆ ಮೊದಲು ತಾಸುಗಳನ್ನು ಎಣಿಸುವದು. ಮಿತಾಕ್ಷರವನ್ನು ಬರೆದ ನೆಲದಲ್ಲಿ, ಮಗ್ಗದ ಮುಂದೆ ಕುಳಿತು ವಚನ ಹೇಳಿದವರ ಸೀಮೆಯಲ್ಲಿ ಇಷ್ಟನ್ನು ಮಾಡುವದು ದೊಡ್ಡ ಉಪಕಾರವಲ್ಲ; ಬಹು ದಿನಗಳಿಂದ ಉಳಿದುಬಂದಿರುವ ಸಾಲದ ತೀರುವಳಿ ಮಾತ್ರ.